ಒಂಬತ್ತನೇ ಖಾನೆ

ನಮ್ಮ ಊರಿನಲ್ಲಿ ಮನೆ ಬದಲಾಯಿಸುವವರು ಸಾಮಾನು ಕಟ್ಟುವುದಿಲ್ಲ, ಲಾರಿ ಕರೆಸುವುದಿಲ್ಲ. ಒಲೆ ಆರಿಸಿ, ಹೊಸ್ತಿಲು ಬಿಟ್ಟು ಒಳಗೆ ಸರಿದು, ಸುಮ್ಮನೆ ಕೂರುತ್ತಾರೆ. ಉಳಿದದ್ದು ನನ್ನ ಕೆಲಸ. ಪುರಸಭೆ ಕಚೇರಿಯ ಕಿಟಕಿ ಪಕ್ಕದ ಮೇಜಿನ ಮೇಲೆ ಒಂದು ಕಂಪ್ಯೂಟರ್ ಇದೆ, ಅದರಲ್ಲಿ ಒಂದೇ ಒಂದು ಕಡತ ಇದೆ, ಆ ಕಡತದಲ್ಲಿ ನಮ್ಮ ಊರು ಇದೆ. ಮನೆಗೊಂದು ಸಾಲು, ಮರಕ್ಕೊಂದು ಸಾಲು, ಬೀದಿ ನಲ್ಲಿಗೊಂದು ಸಾಲು. ಸಾಲನ್ನು ಇಲ್ಲಿಂದ ಎತ್ತಿ ಅಲ್ಲಿ ಇಳಿಸಿದರೆ ಮನೆಯೂ ಇಲ್ಲಿಂದ ಎದ್ದು ಅಲ್ಲಿ ಕೂರುತ್ತದೆ. ಹದಿನೇಳು ವರ್ಷದಿಂದ ಇದನ್ನೇ ಮಾಡಿಕೊಂಡು ಬಂದಿದ್ದೇನೆ. ಹೊಸ್ತಿಲ ಮೇಲೆ ನಿಂತಿದ್ದ ಒಬ್ಬರ ಎಡಗಾಲಿನ ಚಪ್ಪಲಿ ಹಳೆಯ ಬೀದಿಯಲ್ಲೇ ಉಳಿದುಹೋದದ್ದು ಬಿಟ್ಟರೆ ನನ್ನ ಮೇಲೆ ಒಂದು ದೂರೂ ಇರಲಿಲ್ಲ, ಆ ಮಂಗಳವಾರದ ತನಕ.

ನಮ್ಮಲ್ಲಿ ಮೌಸ್ ಇಲ್ಲ. ಬಾಣ ಒಂದು ಕೂದಲೆಳೆ ಜಾರಿದರೂ ಪಕ್ಕದ ಮನೆಯವರು ಊಟದ ತಟ್ಟೆ ಸಮೇತ ಎದ್ದುಹೋಗುತ್ತಾರೆ. ಹಾಗಾಗಿ ಎಲ್ಲವೂ ಕೀಬೋರ್ಡಿನಲ್ಲೇ. ಡಿ ಕೀಯನ್ನು ಎರಡು ಸಲ ಒತ್ತಿದರೆ ಸಾಲು ಏಳುತ್ತದೆ, ಪಿ ಒತ್ತಿದರೆ ಇಳಿಯುತ್ತದೆ. ಎತ್ತಿದ್ದು ಇಳಿಸುವ ತನಕ ಖಾನೆಯಲ್ಲಿ ಇರುತ್ತದೆ. ಯಂತ್ರದ ಜೊತೆ ಬಂದ ಪುಸ್ತಕದಲ್ಲಿ ಅದಕ್ಕೆ ರಿಜಿಸ್ಟರ್ ಎಂದು ಹೆಸರು. ಆದರೆ ಪುರಸಭೆಯಲ್ಲಿ ರಿಜಿಸ್ಟರ್ ಎಂದರೆ ಕೆಂಪು ರಟ್ಟಿನ ದಪ್ಪ ಪುಸ್ತಕ ತಂದು ಧೂಳು ಕೊಡವಿ ಎದುರಿಗಿಡುತ್ತಾರೆ, ಅದಕ್ಕೇ ನಾವು ಖಾನೆ ಎಂದೇ ಕರೆದುಕೊಂಡಿದ್ದೇವೆ.

ಹೆಸರಿಲ್ಲದ ಖಾನೆ ಒಂದಿದೆ. ಸುಮ್ಮನೆ ಎತ್ತಿದ್ದು ಅಲ್ಲಿಗೆ ಹೋಗುತ್ತದೆ, ಜೊತೆಗೆ ಅಂಕಿಯ ಒಂದನೇ ಖಾನೆಯಲ್ಲೂ ಕೂರುತ್ತದೆ, ಸುಮ್ಮನೆ ಪಿ ಒತ್ತಿದರೆ ಅಲ್ಲಿಂದಲೇ ಬರುತ್ತದೆ. ಅದನ್ನು ಇಳಿಸುವ ಮೊದಲು ಇನ್ನೊಂದನ್ನು ಎತ್ತಿದಿರೋ, ಹೊಸದು ಆ ಜಾಗ ಹಿಡಿಯುತ್ತದೆ, ಹಳೆಯದು ಅಂಕಿಯ ಖಾನೆಗಳಲ್ಲಿ ಒಂದರಿಂದ ಎರಡಕ್ಕೆ, ಎರಡರಿಂದ ಮೂರಕ್ಕೆ ಹೀಗೆ ಕೆಳಕೆಳಗೆ ಜರುಗುತ್ತದೆ. ಒಂಬತ್ತೇ ಕೊನೆ. ಅದಕ್ಕಿಂತ ಕೆಳಗೆ ಜಾರಿದ್ದು ಎಲ್ಲಿಗೆ ಹೋಗುತ್ತದೆಂದು ಯಾರೂ ಬಂದು ಹೇಳಿಲ್ಲ. ನಾನು ಕೆಲಸಕ್ಕೆ ಸೇರುವ ಮೊದಲು ಒಂದು ಗಡಿಯಾರ ರಿಪೇರಿ ಅಂಗಡಿ ಹಾಗೆ ಹೋಯಿತಂತೆ, ಒಳಗೆ ಭೂತಗನ್ನಡಿ ಕಣ್ಣಿಗಿಟ್ಟುಕೊಂಡು ಕೂತಿದ್ದ ಮನುಷ್ಯನ ಸಮೇತ. ಅವರ ಮನೆಯವರು ಎದುರಾದರೆ ನಮ್ಮ ಕಚೇರಿಯವರು ಈಗಲೂ ತಲೆ ತಗ್ಗಿಸಿ ಪಕ್ಕಕ್ಕೆ ಸರಿಯುತ್ತಾರೆ.

ಇದಕ್ಕೆಂದೇ ಹೆಸರಿನ ಖಾನೆಗಳಿವೆ, ಎ ಇಂದ ಝಡ್ ತನಕ. ಮೊದಲು ಉದ್ಧರಣ ಚಿಹ್ನೆ, ಆಮೇಲೆ ಖಾನೆಯ ಅಕ್ಷರ, ಆಮೇಲೆ ಎರಡು ಸಲ ಡಿ. ಹಾಗೆ ಎತ್ತಿಟ್ಟದ್ದು, ಅದೇ ಅಕ್ಷರಕ್ಕೆ ಇನ್ನೊಂದನ್ನು ತುರುಕದಿದ್ದರೆ, ವರ್ಷವಾದರೂ ಅಲ್ಲೇ ಇರುತ್ತದೆ. ಕಸಕ್ಕೆ ಬೇರೆ ಖಾನೆ, ಅಡಿಗೆರೆ ಚಿಹ್ನೆಯದು. ನಾವು ಅದನ್ನು ಪಾತಾಳ ಎನ್ನುತ್ತೇವೆ. ಅದಕ್ಕೆ ಹಾಕಿದ್ದು ಯಾವ ಖಾನೆಯನ್ನೂ ಮುಟ್ಟದೆ ನೇರವಾಗಿ ಇಲ್ಲವಾಗುತ್ತದೆ. ಸೇರಿದ ಹೊಸಬರಿಗೆ ಮೊದಲ ದಿನವೇ ಹೇಳಿಕೊಡುವುದು ಎರಡು ಮಾತು: ಮನುಷ್ಯರಿರುವ ಸಾಲಿಗೆ ಹೆಸರಿನ ಖಾನೆ, ಕಸಕ್ಕೆ ಪಾತಾಳ. ಹೇಳಿಕೊಡುತ್ತಿದ್ದವಳು ನಾನೇ. ನಾನು ಮಾತ್ರ ಪಾಲಿಸುತ್ತಿರಲಿಲ್ಲ. ಎತ್ತಿದ ಮರುಕ್ಷಣ ಇಳಿಸುವವಳಿಗೆ ಹೆಸರು ಯಾಕೆ, ಅದೆಲ್ಲ ಕೈ ನಡುಗುವವರಿಗೆ ಎಂಬ ಜಂಬ.

ತಪ್ಪಿದರೆ ಹಿಂದಕ್ಕೆ ಹೋಗುವ ಕೀ ಒಂದಿತ್ತಲ್ಲ ಎಂದು ನೀವು ಕೇಳಬಹುದು. ಇತ್ತು. ಒಮ್ಮೆ ಹಳೆಯ ಗುಮಾಸ್ತರೊಬ್ಬರು ಮಧ್ಯಾಹ್ನ ಅದನ್ನು ನಾಲ್ಕು ಸಲ ಒತ್ತಿದ್ದಕ್ಕೆ, ಬೆಳಗ್ಗೆ ಹುಟ್ಟಿದ್ದ ಎರಡು ಮಕ್ಕಳು ಮತ್ತೆ ಹೊಟ್ಟೆ ಸೇರಿ, ಆ ಇಬ್ಬರು ತಾಯಂದಿರು ಒಂದೇ ದಿನ ಎರಡೆರಡು ಸಲ ಹೆರಬೇಕಾಯಿತು. ಬಾಣಂತನ ಮುಗಿದ ಮೇಲೆ ಅವರಿಬ್ಬರೂ ಕಚೇರಿಗೆ ಬಂದು, ಆ ಯು ಕೀಯನ್ನು ಕಿತ್ತುಕೊಂಡು ಹೋದರು. ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ. ಅಂದಿನಿಂದ ಉಕಾರ ಬರೆಯಲು ಕೀ ಇಲ್ಲ. ಒಂದು ಉಕಾರವನ್ನು ನಕಲು ಮಾಡಿ ಎಕ್ಸ್ ಖಾನೆಯಲ್ಲಿ ಇಟ್ಟುಕೊಂಡಿದ್ದೇವೆ, ಬೇಕಾದಾಗ ಅಲ್ಲಿಂದ ತಂದು ಅಂಟಿಸುತ್ತೇವೆ. ನನ್ನ ಹೆಸರು ಇಂದುಮತಿ. ರಜೆ ಅರ್ಜಿ ಬರೆಯುವುದಕ್ಕೂ ನಾನು ಎಕ್ಸ್ ಖಾನೆಗೆ ಹೋಗಿಬರಬೇಕು.

ಆ ವಾರ ಬಂದ ಅರ್ಜಿ ನೀಲವ್ವನದು. ಕೆಳಗಿನ ಬೀದಿಯಲ್ಲಿ ಗೌರವ್ವ, ನೀಲವ್ವ ಎಂದು ಅಕ್ಕತಂಗಿಯರಿದ್ದರು. ಎರಡು ಮನೆ, ನಡುವೆ ಒಂದೇ ಗೋಡೆ. ನೀಲವ್ವ ಖೋವಾ ಮಾಡಿ ಮಿಠಾಯಿ ಅಂಗಡಿಗಳಿಗೆ ಕೊಡುತ್ತಿದ್ದಳು. ಗೌರವ್ವ ಅವಳಿಗಿಂತ ಐದು ವರ್ಷ ದೊಡ್ಡವಳು, ಹೆರಿಗೆ ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ಆಯಾ ಆಗಿದ್ದು ನಿವೃತ್ತಳಾದವಳು. ಬೆಳಗಾದರೆ ಮಂಚ ಮಂಚಕ್ಕೂ ಹೋಗಿ ತಾಯಿ ಉಸಿರಾಡುತ್ತಿದ್ದಾಳೆಯೇ, ಮಗು ಉಸಿರಾಡುತ್ತಿದೆಯೇ ಎಂದು ಎಣಿಸಿ ಬರುವುದು ಅವಳ ಕೆಲಸವಾಗಿತ್ತು. ಕೆಲಸ ಹೋದರೂ ಎಣಿಕೆ ಹೋಗಲಿಲ್ಲ. ಎಣಿಸುವುದಕ್ಕೆ ಉಳಿದಿದ್ದವಳು ತಂಗಿ ಒಬ್ಬಳೇ. ದಿನಾ ಬೆಳಗ್ಗೆ ಆರಕ್ಕೆ ಗೌರವ್ವ ಗೋಡೆಯನ್ನು ಎರಡು ಸಲ ಬಡಿಯುವಳು, ಆ ಕಡೆಯಿಂದ ನೀಲವ್ವ ಎರಡು ಸಲ ಬಡಿಯಬೇಕು. ಸ್ವಲ್ಪ ತಡವಾದರೆ ಗೌರವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಬಾಗಿಲು ಮುರಿಯುವವಳಂತೆ ನಿಲ್ಲುವಳು. ಹನ್ನೊಂದು ವರ್ಷ ಹೀಗೇ ನಡೆಯಿತು. ಹನ್ನೆರಡನೇ ವರ್ಷಕ್ಕೆ ನೀಲವ್ವನಿಗೆ ರೋಸಿಹೋಯಿತು.

ಅರ್ಜಿ ಕೊಡಲು ಬಂದಾಗ ಕಾರಣದ ಜಾಗ ಖಾಲಿ ಬಿಟ್ಟಿದ್ದಳು. ಏನಾದರೂ ಬರೆಯಬೇಕಲ್ಲ ಎಂದೆ. "ಏನಂತ ಬರೀಲಿ ಇಂದಮ್ಮ? ಅವ್ಳಿಗೆ ನಾನು ತಂಗಿ ಅಲ್ಲ, ವಾರ್ಡಿನಾಗೆ ಮಲಗಿರೋ ಪೇಷಂಟು," ಅಂದಳು. ಮೇಲಿನ ಬೀದಿ, ನೀರಿನ ಟ್ಯಾಂಕಿನ ಪಕ್ಕ, ಅಕ್ಕನ ಕೈಗೆ ಎಟುಕದಷ್ಟು ದೂರ, ಅಷ್ಟೇ ಅವಳ ಬೇಡಿಕೆ. ಕಾರಣದ ಜಾಗದಲ್ಲಿ ನಾನೇ ಗಾಳಿ ಬೆಳಕು ಎಂದು ಬರೆದೆ. ನಮ್ಮ ಊರಿನಲ್ಲಿ ಒಡಹುಟ್ಟಿದವರು ಬೇರೆಯಾಗುವಾಗೆಲ್ಲ ಗಾಳಿ ಬೆಳಕೇ ಕಾರಣ. ಒಲೆ ಆರಿಸಬೇಕೆಂಬ ನಿಯಮವನ್ನು ಮಾತ್ರ ಅವಳು ಒಪ್ಪಲಿಲ್ಲ. ಮಂಗಳವಾರ ಮೂವತ್ತು ಲೀಟರ್ ಹಾಲು ಬರುತ್ತದೆ, ಖೋವಾ ತಿರುವುವ ಕೈ ನಿಲ್ಲಿಸಿದರೆ ಹಾಲು ತಳ ಹಿಡಿಯುತ್ತದೆ, ನೀನು ಎತ್ತುವುದು ಇಳಿಸುವುದು ಒಂದು ಬಿಕ್ಕಳಿಕೆಯಷ್ಟು ಹೊತ್ತಿನ ಕೆಲಸವಂತೆ, ಎಲ್ಲರೂ ಹೇಳುತ್ತಾರೆ ಎಂದಳು. ಹೊಗಳಿಕೆಗೆ ಮರುಳಾಗಿ ಆಗಲಿ ಎಂದೆ.

ಮಂಗಳವಾರ ಹನ್ನೊಂದಕ್ಕೆ ಗೌರವ್ವ ಕಚೇರಿಗೆ ಬಂದು ನನ್ನ ಎದುರಿನ ಬೆಂಚಿನ ಮೇಲೆ ಕೂತಳು. ತಂಗಿ ಹೋಗುವುದನ್ನು ಕಣ್ಣಾರೆ ನೋಡಿ ಸಮಾಧಾನ ಮಾಡಿಕೊಳ್ಳಲು ಬಂದಿದ್ದೇನೆ ಎಂದಳು. ಸಮಾಧಾನದ ಮುಖ ಅದಾಗಿರಲಿಲ್ಲ. ಪರದೆ ಅವಳಿಗೆ ಕಾಣುವಂತಿರಲಿಲ್ಲ, ಕೀಬೋರ್ಡಿನ ಸದ್ದು ಮಾತ್ರ ಕೇಳುತ್ತಿತ್ತು. ನಾನು ನೀಲವ್ವನ ಸಾಲಿಗೆ ಹೋದೆ. ಹೆಸರಿನ ಖಾನೆ ಹೇಳಲಿಲ್ಲ. ಡಿ, ಡಿ. ಕೆಳಗಿನ ಬೀದಿಯಲ್ಲಿ ಗೌರವ್ವನ ಮನೆಯ ಪಕ್ಕ ಜಾಗ ಖಾಲಿಯಾಯಿತು. ಎದ್ದಳು ಎಂದು ಗೌರವ್ವನಿಗೆ ಹೇಳಿದೆ.

ಟ್ಯಾಂಕಿನ ಸಾಲಿಗೆ ಹೋಗುವಷ್ಟರಲ್ಲಿ ನಮ್ಮ ಮುಖ್ಯಾಧಿಕಾರಿ ಧರಣೇಂದ್ರಯ್ಯನವರು ಓಡುತ್ತಾ ಬಂದರು. ತಪಾಸಣೆಗೆ ಮೇಲಿನವರು ಬರುತ್ತಾರೆಂದು ಗೊತ್ತಿತ್ತು, ಆದರೆ ಅದು ಮರುದಿನ ಎಂದುಕೊಂಡಿದ್ದೆವು. ಅವರ ಕಾರು ಆಗಲೇ ಸೇತುವೆ ದಾಟಿತ್ತು. ಪೇಟೆ ಬೀದಿಯ ಕಸದ ರಾಶಿಗಳನ್ನು ಈ ಕ್ಷಣ ತೆಗೆಯಬೇಕು, ಬೇರೆಲ್ಲ ಬಿಡಿ ಎಂದರು. ಎತ್ತಿದ್ದನ್ನು ಇಳಿಸಿ ಬರುತ್ತೇನೆ ಸರ್ ಎನ್ನುವುದು ಎಷ್ಟು ಹೊತ್ತಿನ ಮಾತು? ಪಿ ಒತ್ತುವುದು ಅದಕ್ಕಿಂತ ಕಡಿಮೆ ಹೊತ್ತಿನ ಕೆಲಸ. ಆದರೆ ಅವರು ಬೆನ್ನ ಹಿಂದೆಯೇ ನಿಂತಿದ್ದರು, ನಾನು ಎಷ್ಟು ಚುರುಕು ಎಂದು ತೋರಿಸುವ ಚಪಲ ನನಗೂ ಇತ್ತು. ಆತುರಗಾರನಿಗೆ ಬುದ್ಧಿ ಮಟ್ಟ ಎನ್ನುತ್ತಾರೆ, ಆತುರಗಾತಿಗೂ ಅಷ್ಟೇ. ಪೇಟೆ ಬೀದಿಗೆ ಹಾರಿ, ಅಂಗಡಿ ಅಂಗಡಿಗಳ ನಡುವೆ ಚದುರಿದ್ದ ರಾಶಿಗಳನ್ನು ಒಂದೊಂದಾಗಿ ಎತ್ತಿದೆ. ಪಾತಾಳದ ಖಾನೆ ಹೇಳುವುದನ್ನೂ ಮರೆತೆ. ಆಮೇಲೆ ಟ್ಯಾಂಕಿನ ಸಾಲಿಗೆ ಮರಳಿ, ನಿಶ್ಚಿಂತೆಯಿಂದ ಪಿ ಒತ್ತಿದೆ.

ಫೋನ್ ಬಡಿಯಿತು. ಟ್ಯಾಂಕಿನ ನೀರಗಂಟಿ ಹನುಮಜ್ಜ. ಮನೆ ಇಳಿಸುತ್ತೀರೆಂದು ಜಾಗ ಗುಡಿಸಿ ಕಾದಿದ್ದೆ, ಇಳಿದದ್ದು ಕಸ, ಕೊಳೆತ ಕೋಸಿನ ರಾಶಿ, ಅದರ ಮೇಲೆ ಎರಡು ನಾಯಿ, ಅವಕ್ಕೂ ಏನೂ ತಿಳಿಯದೆ ನನ್ನ ಮುಖ ನೋಡುತ್ತಿವೆ ಎಂದ. ಏನು ಮಾಡಿದ್ದೇನೆಂದು ಗೊತ್ತಾಯಿತು, ಆದರೆ ಎಷ್ಟು ಮಾಡಿದ್ದೇನೆಂದು ಗೊತ್ತಾಗಲಿಲ್ಲ. ಪೇಟೆ ಬೀದಿಯಲ್ಲಿ ಎಷ್ಟು ರಾಶಿ ಎತ್ತಿದೆ? ಐದೇ? ಹತ್ತೇ? ನೆನಪಿಸಿಕೊಳ್ಳಲು ಹೋದರೆ ತಲೆಯಲ್ಲಿ ಕೋಸಿನ ಎಲೆಗಳೇ ಬರುತ್ತಿದ್ದವು.

ಧರಣೇಂದ್ರಯ್ಯನವರಿಗೆ ಕೇಳಿಸಿದ್ದು ಟ್ಯಾಂಕಿನ ಹತ್ತಿರ ಕಸ ಎಂಬುದಷ್ಟೇ. ತಪಾಸಣೆಯವರು ಮೊದಲು ಹೋಗುವುದೇ ಟ್ಯಾಂಕಿಗೆ, ಮೊದಲು ಅದನ್ನು ತೆಗೆಯಿರಿ, ಮಾತಾಡುವುದು ಆಮೇಲೆ ಎಂದರು. ಯೋಚಿಸುವ ಶಕ್ತಿ ಹೋದಾಗ ಕೈ ಹೇಳಿದ್ದನ್ನು ಕೇಳುತ್ತದೆ. ಡಿ ಒತ್ತಿದೆ. ಒಂದು ಸಲ.

"ನೀನು ಒಂಬತ್ತು ಜೋಡಿ ಬಡಿದಿ," ಬೆಂಚಿನ ಮೇಲಿಂದ ಗೌರವ್ವ ಅಂದಳು. "ಮೊದಲನೇ ಜೋಡಿಗೇ ನಮ್ಮ ನೀಲಿ ಎದ್ದಳು ಅಂದಿ. ಉಳಿದ ಎಂಟು ಯಾರವು? ಈಗ ಹತ್ತನೇದು ಶುರು ಮಾಡಿದ್ಯಲ್ಲ."

ಬೆರಳು ಅಲ್ಲೇ ನಿಂತಿತು. ಗೋಡೆಯ ಬಡಿತ ಕೇಳಿ ಕೇಳಿ ಪಳಗಿದ ಕಿವಿ ಅದು. ಅವಳಿಗೆ ನನ್ನ ಯಂತ್ರ ಗೊತ್ತಿಲ್ಲ, ಖಾನೆ ಗೊತ್ತಿಲ್ಲ, ಎರಡೆರಡು ಬಡಿತವನ್ನು ಎಣಿಸುವುದು ಮಾತ್ರ ಗೊತ್ತು. ಒಂಬತ್ತು ಜೋಡಿ. ಅಂದರೆ ನೀಲವ್ವ, ಅವಳ ಮೇಲೆ ಎಂಟು ರಾಶಿ ಕಸ. ಇನ್ನೊಂದು ಸಲ ಡಿ ಒತ್ತಿದ್ದರೆ ಹತ್ತನೆಯದು ಬಂದು ಎಲ್ಲವನ್ನೂ ಒಂದು ಮೆಟ್ಟಿಲು ಕೆಳಗೆ ತಳ್ಳುತ್ತಿತ್ತು. ಒಂಬತ್ತರ ಕೆಳಗೆ ಮೆಟ್ಟಿಲಿಲ್ಲ.

ನಾನು ಕೈ ತೆಗೆದು ಮಡಿಲಲ್ಲಿಟ್ಟುಕೊಂಡೆ. ನಾನು ಒತ್ತದಿದ್ದರೆ ತಾವೇ ಒತ್ತುತ್ತೇನೆಂದು ಧರಣೇಂದ್ರಯ್ಯನವರು ಬಗ್ಗಿ ಬೆರಳು ಚಾಚಿದರು. ನಾನು ಅವರ ಕೈಯ ಮೇಲೆ ಚಟ್ಟನೆ ಹೊಡೆದೆ. ಮುಖ್ಯಾಧಿಕಾರಿಗಳ ಮೇಲೆ ಕೈ ಮಾಡಿದ ಟೈಪಿಸ್ಟ್ ಎಂದು ನನ್ನ ಹೆಸರು ಈಗಲೂ ನಮ್ಮ ಕಚೇರಿಯಲ್ಲಿ ಓಡಾಡುತ್ತಿದೆ, ಓಡಾಡಲಿ. "ಸರ್, ಒಬ್ಬ ಹೆಂಗಸು ಇದರೊಳಗಿದ್ದಾಳೆ," ಎಂದೆ. ಅವರು ಪರದೆಯನ್ನು ನೋಡಿದರು, ನನ್ನನ್ನು ನೋಡಿದರು, ಬೆಂಚಿನ ಮೇಲಿದ್ದ ಗೌರವ್ವನನ್ನು ನೋಡಿದರು. ಗಡಿಯಾರದಂಗಡಿಯ ನೆನಪು ಅವರಿಗೂ ಬಂದಿರಬೇಕು. ಕೈ ಹಿಂದಕ್ಕೆ ತೆಗೆದುಕೊಂಡು, ತಪಾಸಣೆಯವರನ್ನು ಪೇಟೆ ಬೀದಿಯಲ್ಲೇ ಕಾಫಿಗೆ ಕೂರಿಸುತ್ತೇನೆ ಎಂದು ಹೊರಟುಹೋದರು. ಒಳ್ಳೆಯ ಮನುಷ್ಯರೇ, ಗಾಬರಿ ಜಾಸ್ತಿ.

ಎಸ್ಕೇಪ್ ಒತ್ತಿ ಅರ್ಧ ಒತ್ತಿದ ಡಿ ಅನ್ನು ರದ್ದು ಮಾಡಿದೆ. ಆಮೇಲೆ ಖಾನೆಗಳ ಪಟ್ಟಿ ತೆರೆಯಬೇಕು. ತೆರೆಯುವುದೇನು ಕಷ್ಟವಲ್ಲ, ನಾಲ್ಕು ಅಕ್ಷರದ ಕೆಲಸ. ಆದರೆ ಗೌರವ್ವನ ಎಣಿಕೆ ಒಂದು ತಪ್ಪಿದ್ದರೆ? ಎತ್ತಿದ್ದು ಇಳಿಸಿದ್ದು ಎಷ್ಟು ಸಲವೋ, ಮೊದಲ ಸಲ ಅನ್ನಿಸಿತು, ಇದರೊಳಗೆ ಜನ ಇರುತ್ತಾರೆ ಅಂತ. ಅತ್ತು ಮುಗಿಸಿ ತೆರೆಯೋಣ ಅಂದುಕೊಂಡೆ, ಅಳುವೂ ಬರಲಿಲ್ಲ. ಕೊನೆಗೆ ಗೌರವ್ವನನ್ನೇ ಪಕ್ಕಕ್ಕೆ ಕರೆದು ಆದದ್ದನ್ನೆಲ್ಲ ಹೇಳಿದೆ. ಬೈಯುತ್ತಾಳೆ ಎಂದುಕೊಂಡೆ. ಅವಳು ಕನ್ನಡಕ ಹಾಕಿಕೊಂಡು ಪರದೆಯ ಹತ್ತಿರ ಬಂದು, ತೆಗಿ ನೋಡೋಣ ಎಂದಳು. ಆಸ್ಪತ್ರೆಯಲ್ಲಿ ಮುಸುಕು ಸರಿಸುವ ಮೊದಲು ಹಾಗೇ ಹೇಳುತ್ತಿದ್ದಳೇನೋ.

ತೆರೆದೆ. ಒಂದನೇ ಖಾನೆಯಲ್ಲಿ ಕೊಳೆತ ಕೋಸು. ಎರಡರಲ್ಲಿ ಒಡೆದ ಹೆಂಚು. ಮೂರರಲ್ಲಿ ಟೀ ಅಂಗಡಿಯ ಚರಟ. ಗೌರವ್ವ ಗಾಜಿನ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಕೆಳಗೆ ಬಂದಳು. ಎಂಟರಲ್ಲಿ ತರಕಾರಿ ಸಿಪ್ಪೆ. ಒಂಬತ್ತರಲ್ಲಿ, ಎಲ್ಲಕ್ಕಿಂತ ಕೆಳಗೆ: ನೀಲವ್ವ, ಹೆಂಚಿನ ಮನೆ, ಒಲೆ ಒಂದು, ಉರಿಯುತ್ತಿದೆ.

ಹೋದ ಜೀವ ಬಂದಂತಾಯಿತು. ಈಗ ಅಳು ಬಂತು, ಬಂದದ್ದು ನಿಲ್ಲಲಿಲ್ಲ. ಗೌರವ್ವ ಅಳಲಿಲ್ಲ. ಬೆರಳನ್ನು ಆ ಸಾಲಿನ ಮೇಲಿಂದ ತೆಗೆಯಲೂ ಇಲ್ಲ. "ಅಷ್ಟು ಕೆಳಗಾ?" ಅಂದಳು, ಅಷ್ಟೇ.

ನಾನು ಮೂಗು ಒರೆಸಿಕೊಂಡು ಕೇಳಿದೆ, ಹಳೆಯ ಜಾಗಕ್ಕೇ ಇಳಿಸಿಬಿಡಲಾ ಎಂದು. ಯಂತ್ರ ಕೈಕೊಟ್ಟಿತು ಎಂದರಾಯಿತು, ಬೆಳಗ್ಗೆ ಎದ್ದು ಎಂದಿನಂತೆ ಗೋಡೆ ಬಡಿಯಬಹುದು, ಯಾರಿಗೂ ತಿಳಿಯುವುದಿಲ್ಲ. ತಪ್ಪು ಮಾಡಿದವಳಿಗೆ ಲಂಚ ಕೊಡುವ ಬುದ್ಧಿ ಬೇಗ ಬರುತ್ತದೆ. ಗೌರವ್ವನಿಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ನಾನು ಅವಳ ಮುಖ ನೋಡುತ್ತಲೇ ಇದ್ದೆ.

"ಬ್ಯಾಡ," ಅಂದಳು. "ಅವ್ಳು ಕೇಳಿದ್ದು ಟ್ಯಾಂಕಿನ ಹತ್ರ. ಅಲ್ಲೇ ಇಳಿಸು."

ಉದ್ಧರಣ ಚಿಹ್ನೆ, ಒಂಬತ್ತು, ಪಿ. ಫೋನ್ ಎತ್ತಿ ಹಿಡಿದುಕೊಂಡೇ ಒತ್ತಿದೆ. ಹನುಮಜ್ಜ ಆ ಕಡೆಯಿಂದ ಹೇಳಿದ, ಮನೆ ಬಂತು, ಹೆಂಚಿನ ಸಂದಿಯಿಂದ ಹೊಗೆ ಬರುತ್ತಿದೆ, ಒಬ್ಬಳು ಸಟ್ಟುಗ ಹಿಡಿದು ಹೊರಗೆ ಬಂದು ನಾಯಿಗಳನ್ನು ಅಟ್ಟುತ್ತಿದ್ದಾಳೆ, ಮನೆ ಮುಂದೆ ಕಸ ಹಾಕಿದವರು ಯಾರು ಎಂದು ನನ್ನನ್ನೇ ಬೈಯುತ್ತಿದ್ದಾಳೆ. ಅಷ್ಟು ಚಂದದ ಬೈಗುಳವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ನಾಯಿಗಳು ಓಡಿಹೋದವೇ ಎಂದು ಎರಡು ಸಲ ವಿಚಾರಿಸಿ, ಕೋಸಿನ ರಾಶಿಯನ್ನು ನಿಯಮದ ಪ್ರಕಾರ ಪಾತಾಳಕ್ಕೆ ಹಾಕಿದೆ. ಖೋವಾ ತಳ ಹಿಡಿದಿರಲಿಲ್ಲವಂತೆ. ಅವಳ ಪಾಲಿಗೆ ಅದು ಒಂದು ಬಿಕ್ಕಳಿಕೆಯಷ್ಟೇ.

ಗೌರವ್ವ ಹೋಗಲಿಲ್ಲ. ಮತ್ತೆ ಬೆಂಚಿನ ಮೇಲೆ ಕೂತು, ಒಂದು ಅರ್ಜಿ ನಮೂನೆ ಕೊಡು ಎಂದಳು. ಯಾರಿಗೆ ಎಂದೆ. ತನಗೇ ಎಂದಳು. ಮೇಲಿನ ಬೀದಿ, ನೀರಿನ ಟ್ಯಾಂಕಿನ ಪಕ್ಕ, ನೀಲವ್ವನ ಮನೆಯ ಕೆಳಗಿನ ಸಾಲು. ಕಾರಣದ ಜಾಗದಲ್ಲಿ ಅವಳೂ ಗಾಳಿ ಬೆಳಕು ಎಂದು ಬರೆದಳು. ನಮ್ಮಲ್ಲಿ ಸಾಲಿಗೆ ಸಾಲು ಅಂಟಿಸಿದರೆ ನಡುವೆ ಒಂದೇ ಗೋಡೆ, ಒಂದು ಖಾಲಿ ಸಾಲು ಬಿಟ್ಟರೆ ನಡುವೆ ಓಣಿ. ಯಾವುದು ಬೇಕು ಎಂದು ಕೇಳಲೇಬೇಕಾಗಿತ್ತು, ಕೇಳಿದೆ.

ಅವಳು ನಮೂನೆಯನ್ನು ಮಡಚಿದಳು, ಬಿಡಿಸಿದಳು. "ಓಣಿ ಬಿಡು. ನಾನೇನು ಇನ್ನು ಬಡಿಯೋದಿಲ್ಲ. ಸುಮ್ನೆ ಕಣ್ಣಿಗೆ ಕಂಡ್ರೆ ಸಾಕು," ಅಂದಳು.

ಮನೆಗೆ ಹೋಗಿ, ಒಲೆ ಆರಿಸಿ, ಹೊಸ್ತಿಲು ಬಿಟ್ಟು ಒಳಗೆ ಕೂತು ಸಂಜೆ ನಾಲ್ಕಕ್ಕೆ ಹೇಳಿ ಕಳಿಸಿದಳು. ಉದ್ಧರಣ ಚಿಹ್ನೆ, ಜಿ, ಡಿ, ಡಿ. ಪ್ರತಿ ಕೀಯನ್ನೂ ಬಾಯಿಬಿಟ್ಟು ಹೇಳಿಕೊಂಡೇ ಒತ್ತಿದೆ, ಮೊದಲ ದಿನದ ಹೊಸಬರ ಹಾಗೆ. ಕಚೇರಿಯವರು ತಿರುಗಿ ನೋಡಿದರೆ ನೋಡಿಕೊಳ್ಳಲಿ. ಒಂದು ಖಾಲಿ ಸಾಲು ಬಿಟ್ಟು ಇಳಿಸಿದೆ. ನೀಲವ್ವ ಕಿಟಕಿಯಿಂದ ನೋಡಿ ಕಿಟಕಿ ಹಾಕಿಕೊಂಡಳು ಎಂದು ಹನುಮಜ್ಜ ವರದಿ ಕೊಟ್ಟ.

ಆದರೆ ಆದದ್ದನ್ನು ನೀಲವ್ವನಿಗೆ ನಾನು ಹೇಳಲೇಬೇಕಿತ್ತು. ಅವಳು ಎಲ್ಲಿದ್ದು ಬಂದಳು ಎಂಬುದು ಅವಳಿಗೆ ಬಿಟ್ಟು ಎಲ್ಲರಿಗೂ ಗೊತ್ತಿರುವುದು ನ್ಯಾಯವಲ್ಲ. ಮರುದಿನ ಬೆಳಗ್ಗೆ ಕಚೇರಿಗಿಂತ ಮೊದಲು ಮೇಲಿನ ಬೀದಿ ಹತ್ತಿದೆ. ಹೇಗೆ ಶುರು ಮಾಡುವುದೆಂದು ದಾರಿಯುದ್ದಕ್ಕೂ ಉರು ಹೊಡೆದುಕೊಂಡು ಹೋದೆ. ಟ್ಯಾಂಕಿನ ಮೂಲೆ ತಿರುಗಿದರೆ, ನೀಲವ್ವ ಓಣಿ ದಾಟಿ ಅಕ್ಕನ ಬಾಗಿಲ ಮುಂದೆ ನಿಂತಿದ್ದಾಳೆ. ಕೈಯಲ್ಲಿ ಖೋವಾದ ಸಟ್ಟುಗ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾಳೆ. ಸಟ್ಟುಗದಿಂದ ಬಾಗಿಲಿಗೆ ಎರಡು ಸಲ ಬಡಿದಳು.

"ಆರೂವರೆ ಆತು. ಸದ್ದಿಲ್ಲ, ಗದ್ದಲಿಲ್ಲ. ಬದುಕಿದ್ದೀಯೇನೇ?"

ಸ್ವಲ್ಪ ಹೊತ್ತಾದ ಮೇಲೆ ಬಾಗಿಲ ಆ ಕಡೆಯಿಂದ ಎರಡು ಬಡಿತ ಬಂದವು, ನಿಧಾನವಾಗಿ, ಒಂದು, ಇನ್ನೊಂದು. ಗೌರವ್ವ ಬಾಗಿಲ ಹಿಂದೆಯೇ ಕೂತಿದ್ದಳೆಂದು ತಿಳಿಯಲು ಬುದ್ಧಿವಂತಿಕೆ ಬೇಕಿರಲಿಲ್ಲ.

ನೀಲವ್ವ ತಿರುಗಿ ನನ್ನನ್ನು ನೋಡಿದಳು. ಉರು ಹೊಡೆದದ್ದೆಲ್ಲ ಮರೆತುಹೋಗಿ, ಓಣಿಯಲ್ಲಿ ನಿಂತೇ ಎಲ್ಲವನ್ನೂ ಹೇಳಿಬಿಟ್ಟೆ. ಹೆಸರಿಡದೆ ಎತ್ತಿದ್ದು, ಎಂಟು ರಾಶಿ ಕಸ, ಅರ್ಧ ಒತ್ತಿದ ಹತ್ತನೆಯದು. ಅವಳು ಸಟ್ಟುಗವನ್ನು ಕೆಳಗಿಳಿಸಿ ಕೇಳಿಸಿಕೊಂಡಳು. ನಾನು ಕೈಮುಗಿಯಲು ಹೋದರೆ ಅದು ಬೇಡವೆಂಬಂತೆ ತಲೆಯಾಡಿಸಿದಳು.

"ಎಷ್ಟನೇ ಖಾನೆ ಅಂದಿ?" ಎಂದು ಕೇಳಿದಳು.

"ಒಂಬತ್ತು."

"ಅವ್ಳು ಎಣಿಸಿದ್ಲಾ?"

ಹೌದು, ಅವರು ಎಣಿಸಿದ್ದಕ್ಕೇ ನೀವು ಸಿಕ್ಕಿದಿರಿ ಎಂದೆ. ನೀಲವ್ವ ಆ ಮುಚ್ಚಿದ ಬಾಗಿಲ ಕಡೆ ತಿರುಗಿದಳು. ಆಮೇಲೆ ಸಟ್ಟುಗ ಎತ್ತಿ ಇನ್ನೊಮ್ಮೆ ಬಡಿದಳು, ಈ ಸಲ ಮೆಲ್ಲಗೆ.

"ಬಾಗಿಲು ತೆಗಿಯೇ ಅಕ್ಕ," ಅಂದಳು. "ಖೋವಾ ಆರ್ತೈತೆ."